ಎಣ್ಣೆ ಮೈಗೆ ಮಣ್ಣು

ಅವರ ಕೈಯಿಂದ ಪೆಟ್ಟು ತಿಂದವರೆಲ್ಲ ಮಣ್ಣಿಗೆ ಬಂದಿದ್ದರು. ಮುಂದಿನ ಹಲ್ಲಿಲ್ಲದವರು, ಮೂಗು ಸೊಟ್ಟಗಾದವರು, ಕಿವಿ ಜಜ್ಜಿದ ಶುಂಠಿಯಂತಾದ ಪೈಲ್ವಾನರು, ಒಬ್ಬ ಬಸ್ ಕಂಡಕ್ಟರ್. ಹೆಣ ಇನ್ನೂ ಗರಡಿಯ ಅಂಗಳದಲ್ಲಿತ್ತು. ಅವರೆಲ್ಲ ಬೇವಿನ ಮರದ ಕೆಳಗೆ ನಿಂತು ತಂತಮ್ಮ ಪೆಟ್ಟುಗಳನ್ನು ಒಡವೆಗಳಂತೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು.

"ಇದ ನೋಡು, ದವಡಿ. ಎರಡ ಏಟಿಗಲ್ಲ, ಒಂದ ಏಟಿಗೆ."

"ನಿಂದೇನ ಬಿಡೋ. ನನಗ ಹೊಡದಾಗ ಅವರಿಗೆ ಇನ್ನೂ ಹರೇ ಇತ್ತು."

ನಾನೂ ಆ ಸಾಲಿನವನೇ. ಆದರೆ ನನ್ನ ಪೆಟ್ಟನ್ನು ಅಲ್ಲಿ ತೋರಿಸಲಿಲ್ಲ. ಅದನ್ನು ತೋರಿಸಿದರೆ ಯಾಕೆ ಬಿತ್ತೆಂದು ಹೇಳಬೇಕಾಗುತ್ತಿತ್ತು.

ಬೈಲಹೊಂಗಲದವರು ಅವರನ್ನು ವಸ್ತಾದ ಎನ್ನುತ್ತಿದ್ದರು. ಕುಸ್ತಿ ಕಲಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮಿಲಿಟರಿಯಲ್ಲಿದ್ದು, ಅಲ್ಲಿನ ಕುಸ್ತಿ ತಂಡದಲ್ಲಿ ಆಡಿ, ಪಿಂಚಣಿ ಪಡೆದು ಊರಿಗೆ ಬಂದು, ಪಾಳುಬಿದ್ದಿದ್ದ ಗರಡಿಯ ಬೀಗ ಒಡೆದು ಒಳಗೆ ಹೋಗಿ ಕೂತವರು. ಬೀಗದ ಕೈ ಪಂಚರ ಮನೆಯಲ್ಲಿತ್ತು. ಹೋಗಿ ಕೇಳಿದ್ದರೆ ಕೊಡುತ್ತಿದ್ದರು. ಅವರು ಕೇಳಲಿಲ್ಲ, ಒಡೆದರು. ಅವರ ಬಗ್ಗೆ ಇದೊಂದನ್ನೇ ಹೇಳಿ ನಿಲ್ಲಿಸಿದರೂ ಅರ್ಧ ಚಿತ್ರ ಬಂದಂತೆ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಭಾನುವಾರಗಳಲ್ಲಿ ಕುಸ್ತಿ ಕಣಗಳಲ್ಲಿ ಮೈಕು ಹಿಡಿಯುತ್ತೇನೆ. ಕಿತ್ತೂರು, ನೇಸರಗಿ, ಸವದತ್ತಿ, ರಾಮದುರ್ಗ, ಎಲ್ಲಿ ಜಂಗಿ ಕುಸ್ತಿ ಇದ್ದರೂ ಜೋಡಿಗಳ ಹೆಸರು ಕೂಗುವವನು, ಪಟ್ಟುಗಳನ್ನು ಬಣ್ಣಿಸುವವನು, ಜನ ಆಕಳಿಸತೊಡಗಿದರೆ ಎಬ್ಬಿಸುವವನು ನಾನು. ವಸ್ತಾದರು ನನ್ನನ್ನು ಮೈಕ್ ಮಾಸ್ತರ ಎನ್ನುತ್ತಿದ್ದರು. ಇದರಿಂದ ನನಗಾಗಿರುವ ನಷ್ಟವನ್ನು ಮೊದಲೇ ಹೇಳಿಬಿಡಬೇಕು. ಒಂದೇ ಮಾತನ್ನು ವರ್ಷಗಟ್ಟಲೆ ಮೈಕಿನಲ್ಲಿ ಕೂಗಿದವನಿಗೆ ಆ ಮಾತಿನ ಹಿಂದೆ ಇದ್ದದ್ದು ಕಾಣದಂತಾಗುತ್ತದೆ. ನೆನಪು ಮಾಡಿಕೊಳ್ಳಲು ಹೋದರೆ ನನಗೆ ನನ್ನದೇ ಧ್ವನಿ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಅವರು ಎತ್ತರದ ಆಳಲ್ಲ. ಕುತ್ತಿಗೆ ಎಂಬುದೇ ಇರಲಿಲ್ಲ. ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದವರಂತೆ ತೋಳು ಅಗಲಿಸಿ ನಡೆಯುತ್ತಿದ್ದರು. ಗರಡಿಯಲ್ಲಿ ಒಂದು ಜಾಲಿ ಬೆತ್ತ ಇತ್ತು. ಬೈಠಕ್ ಹೊಡೆಯುವಾಗ ಎಣಿಕೆ ತಪ್ಪಿಸಿದವನ ಮೀನಖಂಡಕ್ಕೆ ಅದು ಬೀಳುತ್ತಿತ್ತು. ತಪ್ಪಿಸಿದವನು ಇಪ್ಪತ್ತು ವರ್ಷದವನಾದರೂ ಸರಿ, ಊರ ಗೌಡರ ಮಗನಾದರೂ ಸರಿ.

ಆ ಕಂಡಕ್ಟರನ ಕಥೆ ನಾನು ಕಣ್ಣಾರೆ ಕಂಡದ್ದು. ದೊಡವಾಡದಿಂದ ಬರುವ ಬಸ್ಸಿನಲ್ಲಿ ಒಬ್ಬ ಮುದುಕಿ ಹಿಟ್ಟಿನ ಗಂಟನ್ನು ಬಾಗಿಲ ಹತ್ತಿರ ಇಟ್ಟಿದ್ದಳು. ಕಂಡಕ್ಟರ್ ಅದನ್ನು ಕಾಲಿನಿಂದ ಸರಿಸಿದ. ವಸ್ತಾದರು ಹಿಂದಿನ ಸೀಟಿನಿಂದ ನೋಡಿದರು. ಬೈಲಹೊಂಗಲದಲ್ಲಿ ಎಲ್ಲರೂ ಇಳಿಯುವವರೆಗೆ ಕಾದು, ಕಂಡಕ್ಟರನ ಕೈಯಿಂದ ಟಿಕೆಟ್ಟಿನ ಚೀಲ ಇಸಿದುಕೊಂಡು, ಅದನ್ನು ಸೀಟಿನ ಮೇಲೆ ಜೋಪಾನವಾಗಿ ಇಟ್ಟು, ಆಮೇಲೆ ಅವನನ್ನು ಬಸ್ಸಿನ ಹಿಂದಕ್ಕೆ ಇಳಿಸಿಕೊಂಡು ಹೋಗಿ ಹೊಡೆದರು. ಅವನು ಬಸ್ಸಿನ ಹಿಂದಿನ ನಂಬರ್ ಪ್ಲೇಟಿಗೆ ಹೋಗಿ ಬಡಿದ. ಮರುಗಳಿಗೆಯಲ್ಲೇ ಅವನ ಬಗಲಿಗೆ ಕೈ ಹಾಕಿ ಎಬ್ಬಿಸಿ ಎದುರಿನ ಅಂಗಡಿಗೆ ಕರೆದುಕೊಂಡು ಹೋದರು.

"ಒಂದ್ ಗ್ಲಾಸ್ ಹಾಲು ಕೊಡೋ, ಸಕ್ರಿ ಜಾಸ್ತಿ ಹಾಕು. ಕುಡೀರಿ, ಕಂಡಕ್ಟರ ಸಾಹೇಬ್ರ."

"ಬ್ಯಾಡ್ರಿ ವಸ್ತಾದ್ರ..."

"ಕುಡೀಬೇಕು. ಹೊಡದ ಮ್ಯಾಲ ಹಾಲು ಕುಡಸಬೇಕು. ಇಲ್ಲಾಂದ್ರ ಆ ಹೊಡತ ಒಳಗ ಹುಳೀತೈತಿ."

ಕಂಡಕ್ಟರ್ ಕುಡಿದ. ಗ್ಲಾಸಿನ ಅಂಚಿನಲ್ಲಿ ರಕ್ತ ಇತ್ತು. ಅಂಗಡಿಯವನು ಆ ಗ್ಲಾಸನ್ನು ತೊಳೆಯದೆ ಎಸೆದುಬಿಟ್ಟ ಎಂದು ನನಗೆ ನೆನಪು. ತೊಳೆದಿರಲೂಬಹುದು.

ಇನ್ನೊಂದು ಅವರ ಅಭ್ಯಾಸ. ಎದುರಾದವರಿಗೆ ಕೈ ಮುಗಿಯುತ್ತಿರಲಿಲ್ಲ, ಕೈ ಕುಲುಕುತ್ತಲೂ ಇರಲಿಲ್ಲ. ಮೊಣಕೈ ಹಿಡಿಯುತ್ತಿದ್ದರು. ಹೆಬ್ಬೆರಳಿನಿಂದ ಮೊಣಕೈಯ ಒಳಗುಳಿಯನ್ನು ಒತ್ತಿ, ಬಾಗಿಲ ತಿರುಗಣಿ ನೋಡುವ ಬಡಿಗನಂತೆ ಒಮ್ಮೆ ಮಡಚಿ ಬಿಚ್ಚಿ, "ಐತಿ" ಎಂದು ಬಿಟ್ಟುಬಿಡುತ್ತಿದ್ದರು. ಊರಿನವರು ನಗುತ್ತಿದ್ದರು. "ವಸ್ತಾದ್ರು ಮಾವಿನಕಾಯಿ ಅದುಮಿ ನೋಡಿದಂಗ ಮಂದೀನ ನೋಡ್ತಾರ" ಎಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ.

ಅವರು ಮಿಲಿಟರಿಯಲ್ಲಿದ್ದಾಗ ಕುಸ್ತಿ ತಂಡದ ಜೊತೆ ತುರ್ಕಿ ದೇಶಕ್ಕೆ ಹೋಗಿದ್ದರು. ಮ್ಯಾಟಿನ ಮೇಲಿನ ಕುಸ್ತಿಯ ತಾಲೀಮಿಗೆಂದು ನಲವತ್ತು ದಿನ. ಅಲ್ಲಿ ಹಳ್ಳಿಯೊಂದರಲ್ಲಿ ಒಬ್ಬ ಪೈಲ್ವಾನನ ತೋಳು ಮುರಿದು ಬಂದರು ಎಂಬುದು ಊರಿಗೆ ಗೊತ್ತಿತ್ತು. ಅವರ ಜೊತೆಗಿದ್ದ ಸೈನಿಕನೊಬ್ಬ ರಜೆಗೆ ಬಂದಾಗ ಹೇಳಿಹೋದ ಎರಡು ಸಾಲು ಅದು. ಉಳಿದದ್ದನ್ನು ಕಟ್ಟಿದವನು ನಾನು. ಕಣದಲ್ಲಿ ಅವರ ಶಿಷ್ಯರ ಜೋಡಿ ಬಂದಾಗಲೆಲ್ಲ ಮೈಕಿನಲ್ಲಿ ಹೀಗೆ ಕೂಗುತ್ತಿದ್ದೆ:

"ಒಂದು ಕಾಲು ಏಷ್ಯಾ ಖಂಡದಲ್ಲಿ, ಇನ್ನೊಂದು ಕಾಲು ಯುರೋಪ್ ಖಂಡದಲ್ಲಿ ಊರಿ ನಿಂತ ನಾಡು ತುರ್ಕಸ್ತಾನ! ಆ ಎರಡು ಖಂಡಗಳ ಹುಲಿಯ ತೋಳನ್ನು ಕಟಕ್ಕನೆ ಮುರಿದು ಬಂದ ನಮ್ಮ ಬೈಲಹೊಂಗಲದ ವಸ್ತಾದ, ಇಗೋ ನಿಮ್ಮ ಮುಂದೆ!"

ಸೀಟಿ, ಚಪ್ಪಾಳೆ, ಹಲಗೆಯ ಬಡಿತ. ತೀರ್ಪು ಕೊಡುವ ಪಂಚರ ಸಾಲಿನಲ್ಲಿ ಕೂತಿರುತ್ತಿದ್ದ ವಸ್ತಾದರು ಆ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನಾನು ಅದನ್ನೂ ಬಿಡಲಿಲ್ಲ. "ನೋಡಿರಿ, ಎಂಥ ವಿನಯ!" ಎಂದು ಅವರ ಬೆನ್ನಿಗೆ ಕೂಗುತ್ತಿದ್ದೆ.

ನೇಸರಗಿಯಲ್ಲಿ ಒಂದು ಮಧ್ಯಾಹ್ನ ನಾನು ಹೊಸದೊಂದನ್ನು ಸೇರಿಸಿದೆ. "ತೋಳನ್ನು" ಎಂದು ನಿಲ್ಲಿಸಿ, ಮೈಕನ್ನು ಬಾಯಿಗೆ ಒತ್ತಿ ಹಿಡಿದು, ನಾಲಗೆಯಿಂದ ಕಟಕ್ ಎಂದು ಸದ್ದು ಮಾಡಿದೆ. ಧ್ವನಿವರ್ಧಕದಲ್ಲಿ ಅದು ಸಿಡಿಲಿನಂತೆ ಬಂತು. ಇಡೀ ಕಣ ನಕ್ಕಿತು. ಹಗ್ಗದ ಹತ್ತಿರ ಕೂತ ಮಂದಿಯೆಲ್ಲ ತಾವೂ ಕಟಕ್ ಕಟಕ್ ಎನ್ನತೊಡಗಿದರು.

ಆ ಜೋಡಿಯ ಕುಸ್ತಿ ಮುಗಿದ ಮೇಲೆ ನಾನು ಪೈಲ್ವಾನರು ಬಟ್ಟೆ ಬದಲಿಸುವ ಡೇರೆಯ ಹಿಂದೆ ನೀರು ಕುಡಿಯುತ್ತಿದ್ದೆ. ಹಿಂದಿನಿಂದ ಒಂದು ಕೈ ನನ್ನ ಅಂಗಿಯ ಕಾಲರನ್ನು ಹಿಡಿದು ಡೇರೆಯ ಒಳಗೆ ಎಳೆದುಕೊಂಡಿತು. ನಾನು ಬೋರಲಾಗಿ ಬಿದ್ದೆ. ಬಾಯಲ್ಲಿ ಮಣ್ಣು. ಬೆನ್ನ ಮೇಲೆ ಒಂದು ಮೊಣಕಾಲು ಬಂದು ಕೂತಿತು.

"ಎಡಗೈ ಕೊಡ್ರಿ, ಮಾಸ್ತರ."

ನಾನು ಕೊಡಲಿಲ್ಲ. ಅವರೇ ತೆಗೆದುಕೊಂಡರು. ಮಣಿಕಟ್ಟು ಹಿಡಿದು, ತೋಳನ್ನು ಬೆನ್ನ ಹಿಂದಕ್ಕೆ ತಂದು, ತಮ್ಮ ಇನ್ನೊಂದು ತೋಳನ್ನು ಅದರ ಒಳಗೆ ತೂರಿಸಿ ಬೀಗ ಹಾಕಿದರು. ಮೊಣಕೈಯಲ್ಲಿ ಏನೋ ಬಿಳಿಯದು ಹೊತ್ತಿಕೊಂಡಂತಾಯಿತು.

"ಕಟಕ್ ಅಂದ್ರಲ್ಲ, ಆ ಸಪ್ಪಳ ನೀವು ಕೇಳೀರೇನು?"

"ಇಲ್ರಿ... ಬಿಡ್ರಿ ವಸ್ತಾದ್ರ, ಕೈ ಮುಗೀತೇನಿ..."

"ಕೈ ನನ್ನ ಹಂತೇಕ ಐತಿ, ಹೆಂಗ ಮುಗೀತೀರಿ? ಕೇಳ್ರಿ. ಕಟಕ್ ಅನ್ನೂದಿಲ್ಲ. ಒದ್ದಿ ಧೋತರ ಹರದಂಗ ಬರತೈತಿ. ನಾ ಕೇಳೇನಿ. ದಿನಾ ಕೇಳತೇನಿ."

ಆಮೇಲಿನದನ್ನು ಅವರು ನನ್ನ ತೋಳನ್ನು ಹಿಡಿದುಕೊಂಡೇ ಹೇಳಿದರು. ಸ್ವಲ್ಪ ಬಿಗಿ ಮಾಡುವುದು, ಸ್ವಲ್ಪ ಸಡಿಲಿಸುವುದು, ಮತ್ತೆ ಹೇಳುವುದು. ನಾನು ಕೇಳಿಸಿಕೊಂಡದ್ದನ್ನು ಒಂದು ಕ್ರಮದಲ್ಲಿ ಇಡುತ್ತಿದ್ದೇನೆ. ಅವರು ಆ ಕ್ರಮದಲ್ಲಿ ಹೇಳಲಿಲ್ಲ.

ತಾಲೀಮು ಇದ್ದದ್ದು ಏಷ್ಯಾದ ಕಡೆಯ ಊರಿನಲ್ಲಂತೆ. ಒಂದು ರಜಾದಿನ ಅಲ್ಲಿನ ತರಬೇತುದಾರ ಇವರನ್ನು ಬಸ್ಸಿನಲ್ಲಿ ಯುರೋಪಿನ ಕಡೆಯ ಹಳ್ಳಿಗೆ ಕುಸ್ತಿ ನೋಡಲು ಕರೆದೊಯ್ದ. ನಡುವೆ ಸಮುದ್ರದ ಮೇಲೆ ಸೇತುವೆ. ಆ ದಂಡೆ ಒಂದು ಖಂಡ, ಈ ದಂಡೆ ಒಂದು ಖಂಡ.

"ನಾ ಮಕ್ಕೊಂಡಿದ್ನಿ ಮಾಸ್ತರ. ಎಚ್ಚರಾಗಿ ನೋಡತೇನಿ, ನಮ್ಮ ಸವದತ್ತಿ ದಾರಿ. ಎರಿ ಭೂಮಿ. ಸೂರ್ಯಕಾಂತಿ. ನಮ್ಮೂರಿಗೆ ಯಾವಾಗ ಬಂದೆಪ್ಪಾ ಅಂದ್ನಿ."

ಅಲ್ಲಿ ಕುಸ್ತಿ ಹುಲ್ಲಿನ ಮೇಲೆ. ಮೊಣಕಾಲು ಮುಚ್ಚುವ ಎಮ್ಮೆ ಚರ್ಮದ ಚಣ್ಣ ತೊಟ್ಟು, ತಲೆಯಿಂದ ಕಾಲಿನವರೆಗೆ ಎಣ್ಣೆ ಸುರಿದುಕೊಂಡು ಹಿಡಿಯುತ್ತಾರೆ. ಒಬ್ಬನ ಬೆನ್ನಿಗೆ ಇನ್ನೊಬ್ಬ ಎಣ್ಣೆ ಹಚ್ಚುವುದು ಅವರ ಮರ್ಯಾದೆ. ಹಿಡಿದದ್ದು ಜಾರಬೇಕು, ಜಾರುವುದರಲ್ಲೇ ಆಟ. ಜೋಡಿಗಳೆಲ್ಲ ಮುಗಿದ ಮೇಲೆ ಹಿಂದುಸ್ತಾನದ ಪೈಲ್ವಾನ ಒಂದು ಸಲ ಇಳಿಯಲಿ ಎಂದು ಜನ ಕೂಗಿದರು. ಸೋಲು ಗೆಲುವಿಲ್ಲದ ಸ್ನೇಹದ ಕುಸ್ತಿ. ಇವರಿಗೆ ಒಂದು ಚಣ್ಣ ಕೊಟ್ಟರು. ಎದುರಾಳಿ ಆ ಹಳ್ಳಿಯವನೇ, ಸೂರ್ಯಕಾಂತಿ ಬೆಳೆಯುವವನು. ನಗುತ್ತ ಬಂದು ಇವರ ಭುಜ, ಬೆನ್ನು, ಕಿವಿಯ ಹಿಂದೆ ಕೂಡ ಎಣ್ಣೆ ಹಚ್ಚಿದ.

ಇನ್ನು ಇವರ ಸರದಿ. ನಮ್ಮ ಕಡೆ ಹಿಡಿಯುವ ಮೊದಲು ಎದುರಾಳಿಗೆ ಮಣ್ಣು ಹಚ್ಚುತ್ತೇವೆ. ಕಣದ ಕೆಂಪು ಮಣ್ಣನ್ನು ಬೊಗಸೆಯಲ್ಲಿ ತೆಗೆದು ಅವನ ಭುಜಕ್ಕೆ, ತೋಳಿಗೆ ಸವರುತ್ತೇವೆ. ನನ್ನ ಹಿಡಿತ ಜಾರದಿರಲಿ, ನಿನ್ನದೂ ಜಾರದಿರಲಿ ಎಂದು. ಅದು ನಮ್ಮ ಮರ್ಯಾದೆ. ವಸ್ತಾದರ ಹತ್ತಿರ, ತಾವು ಹುಡುಗರಾಗಿದ್ದಾಗ ಕುಸ್ತಿ ಕಲಿತ ಬೈಲಹೊಂಗಲದ ಗರಡಿಯ ಮಣ್ಣು ಒಂದು ಎಲೆಯಡಿಕೆ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅರಿಶಿನ ಬೆರೆಸಿ ವರ್ಷಗಟ್ಟಲೆ ತುಳಿದ ಮಣ್ಣು. ದೇಶ ಬಿಟ್ಟು ಹೋದವರು ಹಣೆಗೆ ಹಚ್ಚಿಕೊಳ್ಳಲೆಂದು ಒಯ್ದದ್ದು. ಅದನ್ನು ಆ ಮನುಷ್ಯನ ಎಣ್ಣೆ ಮೈಗೆ, ಎರಡೂ ತೋಳಿಗೆ ಚೆನ್ನಾಗಿ ತಿಕ್ಕಿ ಹಚ್ಚಿದರು. ಅವನು ಇದೇನೋ ಇವರ ಪೂಜೆ ಎಂದುಕೊಂಡು ತಲೆ ಬಾಗಿಸಿ ನಿಂತ.

"ನಾ ಈ ಪಟ್ಟು ಹಾಕಿದ್ನಿ. ಇದ, ಈಗ ನಿಮಗ ಹಾಕೇನಲ್ಲ, ಇದು. ಎಣ್ಣಿ ಮೈಯಾಗ ಇದು ನಿಂದ್ರೂದಿಲ್ಲ. ಅದು ಅವಗ ಗೊತ್ತಿತ್ತು. ಹುಟ್ಟಿದಾಗಿಂದ ಅವ ಜಾರಿ ಜಾರಿ ಹೊರಗ ಬಂದಾವ. ಹಂಗ ನಂಬಿ, ನಕ್ಕೋತ, ಮೈಯೆಲ್ಲಾ ಒಮ್ಮೆ ತಿರುವಿದ. ತೋಳು ಜಾರಲಿಲ್ಲ ಮಾಸ್ತರ. ಮಣ್ಣು ಹಿಡಕೊಂತು. ಅವ ತಿರುಗಿದ, ತೋಳು ತಿರುಗಲಿಲ್ಲ."

ಆ ಕ್ಷಣದಲ್ಲಿ ಅವರು ಬಿಗಿ ಮಾಡಿದರು. ನಾನು ಕಿರುಚಿದೆ. ಹೊರಗೆ ಇನ್ನೊಂದು ಜೋಡಿಗೆ ಹಲಗೆ ಬಾರಿಸುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ.

"ಇಷ್ಟ. ಇನ್ನೊಂದು ಬೆರಳಷ್ಟು ಒತ್ತಿದ್ರ ನಿಮ್ದೂ ಹೋಗತೈತಿ. ಅವಂದು ಹೋತು. ಇನ್ನಮ್ಯಾಲ ಮೈಕಿನ್ಯಾಗ ಹೇಳ್ತೀರಿ?"

"ಇಲ್ಲ! ಇಲ್ರಿ! ನಮ್ಮವ್ವನಾಣಿ ಇಲ್ಲ!"

ಬಿಟ್ಟರು. ನನ್ನನ್ನು ತಿರುಗಿಸಿ ಕೂರಿಸಿದರು. ಎಲ್ಲಿಂದಲೋ ಒಂದು ಚೊಂಬು ಹಾಲು ತಂದರು. ತಾವೇ ಚೊಂಬನ್ನು ನನ್ನ ತುಟಿಗೆ ಹಿಡಿದರು. ಅಷ್ಟು ಹೊತ್ತೂ ಅವರ ಮುಖ ನೋಡದಿದ್ದ ನಾನು ಆಗ ನೋಡಿದೆ. ಅತ್ತಿದ್ದರೋ ಬೆವೆತಿದ್ದರೋ ಗೊತ್ತಾಗಲಿಲ್ಲ. ಅತ್ತಿದ್ದರು ಎಂದು ಬರೆದರೆ ಚೆನ್ನಾಗಿರುತ್ತದೆ. ಅದಕ್ಕೇ ಬರೆಯುವುದಿಲ್ಲ.

ಹಾಲು ಕುಡಿಸುತ್ತ ಉಳಿದದ್ದನ್ನು ಹೇಳಿದರು. ಆ ಹೊಲದ ಜನ ಬೇಲಿಯ ಗೂಟ ಕಿತ್ತುಕೊಂಡು ಇವರ ಮೇಲೆ ಬಂದರು. ಮೋಸ, ಮೋಸ ಎಂದು ಕೂಗುತ್ತಿದ್ದಿರಬೇಕು. ಭಾಷೆ ಬಾರದಿದ್ದರೂ ಅದು ತಿಳಿಯುತ್ತದೆ. ಅಖಾಡದ ಹಿರಿಯನೊಬ್ಬ ಇವರನ್ನು ಕಿವಿ ಹಿಡಿದು ಹೊರಗೆ ಎಳೆದುಕೊಂಡು ಹೋದ. ಹಾಗೆ ಎಳೆದದ್ದರಿಂದಲೇ ಜೀವ ಉಳಿಯಿತು. ಮರುದಿನ ಇವರು ತರಬೇತುದಾರನ ಕೈಕಾಲು ಹಿಡಿದು, ಮೂರು ದಿನದ ಪರವಾನಿಗೆ ಪಡೆದು, ಒಬ್ಬರೇ ಆ ಮನೆಗೆ ಹೋದರು. ಬಾಗಿಲು ತೆಗೆದವನು ಅವನ ತಮ್ಮ. ಮಾತಿಲ್ಲದೆ ಹೊಡೆದ.

"ಮೂರು ಹೊಡದ. ನಾ ಕೈ ಎತ್ತಲಿಲ್ಲ. ನಾಕನೇದಕ್ಕ ಅವರವ್ವ ನಡುವ ಬಂದ್ಲು."

ಇನ್ನೊಮ್ಮೆ ಹೇಳಿದಾಗ ಐದು ಹೊಡೆದ ಎಂದಿದ್ದರು. ಮತ್ತೊಮ್ಮೆ, ತಾಯಿ ನಡುವೆ ಬಂದದ್ದು ಬಿಡಿಸಲಿಕ್ಕಲ್ಲ, ತಾನೂ ಒಂದು ಹೊಡೆಯಲಿಕ್ಕೆ ಎಂದಿದ್ದರು. ಯಾವುದು ನಿಜ ಎಂದು ನಾನು ಕೇಳಲಿಲ್ಲ. ಮೂರೂ ಸಲ ಒಂದೇ ಆಗಿದ್ದದ್ದು ಇಷ್ಟು: ಹೊಡೆದ ಮೇಲೆ ಆಕೆ ಇವರನ್ನು ಒಳಗೆ ಕರೆದು ದಪ್ಪ ರೊಟ್ಟಿ ಮತ್ತು ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ನಮ್ಮದೇ ಮಜ್ಜಿಗೆ, ಒಗ್ಗರಣೆಯಿಲ್ಲದ್ದು. ಮೂರು ದಿನ ಇವರು ಆ ಮನುಷ್ಯನ ಹೊಲದಲ್ಲಿ ಸೂರ್ಯಕಾಂತಿಯ ತೆನೆ ಕೊಯ್ದರು. ಅವನು ತೋಳಿಗೆ ಪಟ್ಟಿ ಕಟ್ಟಿಕೊಂಡು ಗಾಡಿಯ ನೆರಳಿನಲ್ಲಿ ಕೂತು ನೋಡುತ್ತಿದ್ದ. ತಮ್ಮ ಹಗಲೆಲ್ಲ ಇವರ ಪಕ್ಕದ ಸಾಲಿನಲ್ಲಿ ಕುಡುಗೋಲು ಹಿಡಿದು ಕೊಯ್ಯುತ್ತಿದ್ದ, ಸಂಜೆ ಇವರಿಗೆ ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ತಂದು ಕುಕ್ಕುತ್ತಿದ್ದ. ಲೋಟ ಒಡೆಯುವಷ್ಟು ಜೋರಾಗಿ ಕುಕ್ಕುತ್ತಿದ್ದ. ಆದರೆ ತರುತ್ತಿದ್ದ.

"ಹೊಂಟ ದಿನ ಅವ ಆ ಮಣ್ಣಿನ ಚೀಲ ಕೇಳಿದ. ಕೊಟ್ನಿ. ಮೂಸಿ ನೋಡಿದ. ನಾಲಿಗಿಗೆ ಹಚ್ಚಿ ನೋಡಿದ. ಅರಿಶಿಣ ಐತೆಲ್ಲ. ಇದು ಮೋಸದ ಮಣ್ಣಲ್ಲ, ದೇವರ ಮಣ್ಣು ಅಂತ ಅವಗ ತಿಳೀತು. ತಿಳಿದ ಮ್ಯಾಲ ಅತ್ತ. ಮೊದಲಿಗಿ ಸಿಟ್ಟಾರ ಇತ್ತು ಮಾಸ್ತರ. ಆಮ್ಯಾಲ ಅದೂ ಉಳೀಲಿಲ್ಲ. ಸಿಟ್ಟಾಗಾಕ ಯಾರೂ ಸಿಗಲಿಲ್ಲ ಅವಗ."

ಆ ಮನುಷ್ಯ ಮತ್ತೆ ಅಖಾಡಕ್ಕೆ ಇಳಿಯಲಿಲ್ಲವಂತೆ. ಅದು ವಸ್ತಾದರಿಗೆ ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ. ಮೊಣಕೈ ಮುಟ್ಟಿ ನೋಡುವ ಅವರ ಅಭ್ಯಾಸಕ್ಕೆ ನಾನು ಆಮೇಲೆ ನಗಲಿಲ್ಲ.

ಕೊಟ್ಟ ಮಾತನ್ನು ಮೂರು ವರ್ಷ ಉಳಿಸಿಕೊಂಡೆ.

ಎರಡು ವರ್ಷದ ಹಿಂದೆ ಸವದತ್ತಿಯಲ್ಲಿ ದೊಡ್ಡ ಜಂಗಿ ಕುಸ್ತಿ. ವಸ್ತಾದರ ಮುಖ್ಯ ಶಿಷ್ಯ ದೊಡವಾಡದ ಈರಣ್ಣನಿಗೂ ರಾಮದುರ್ಗದ ಒಬ್ಬ ಪೈಲ್ವಾನನಿಗೂ ಕಡೆಯ ಜೋಡಿ. ಈರಣ್ಣ ಅವರ ಮನೆಯಲ್ಲೇ ಉಂಡು ಬೆಳೆದವನು, ಇಪ್ಪತ್ತನಾಲ್ಕು ವರ್ಷದ ಆಳು. ಮಧ್ಯಾಹ್ನದ ಬಿಸಿಲು. ಅರ್ಧ ತಾಸಾದರೂ ಇಬ್ಬರೂ ತಲೆಗೆ ತಲೆ ಕೊಟ್ಟು ನೂಕುತ್ತಿದ್ದರೇ ಹೊರತು ಏನೂ ಆಗುತ್ತಿರಲಿಲ್ಲ. ಜನ ಎದ್ದು ಹೊರಡತೊಡಗಿದರು. ಕಮಿಟಿಯವರು ನನ್ನ ಕಡೆ ನೋಡಿ ಕೈಸನ್ನೆ ಮಾಡಿದರು: ಏನಾದರೂ ಹೇಳು. ನನ್ನ ಬಾಯಿ ತಾನಾಗಿಯೇ ತೆರೆಯಿತು ಎಂದು ಬರೆಯಬಹುದು. ಆದರೆ ಬಾಯಿ ತಾನಾಗಿ ತೆರೆಯುವುದಿಲ್ಲ.

"ಒಂದು ಕಾಲು ಏಷ್ಯಾ ಖಂಡದಲ್ಲಿ..."

ಹೊರಟವರು ನಿಂತರು. ನಾನು ಮುಂದುವರಿಸಿದೆ. ಕಟಕ್ ಎಂಬುದನ್ನೂ ಮಾಡಿದೆ. ಹಲಗೆ ಜೋರಾಯಿತು. ಕಣದಲ್ಲಿ ಈರಣ್ಣ ಅದೇ ಗಳಿಗೆಗೆ ಎದುರಾಳಿಯನ್ನು ಕೆಳಗೆ ಹಾಕಿ, ತೋಳು ಹಿಂದಕ್ಕೆ ತಂದು, ಆ ಪಟ್ಟು ಹಾಕಿದ. ವಸ್ತಾದರು ಆ ಪಟ್ಟನ್ನು ಗರಡಿಯಲ್ಲಿ ಯಾರಿಗೂ ಕಲಿಸಿರಲಿಲ್ಲ. ಕೇಳಿ, ಊಹಿಸಿ, ಕದ್ದು ಕಲಿತದ್ದು. ಗುರುವಿನ ಕೀರ್ತಿ ಅದರಲ್ಲಿದೆ ಎಂದು ಅವನಿಗೆ ಹೇಳಿದವನು ನಾನೊಬ್ಬನೇ.

"ಮುರಿ! ಮುರಿ!" ಜನ ಕೂಗಿದರು. "ಹಾಕ್ಲೇ ಈರ್ಯಾ, ತುರ್ಕಿ ಪಟ್ಟು! ಮುರೀ!"

ರಾಮದುರ್ಗದವನ ಮುಖ ಮಣ್ಣಿನಲ್ಲಿತ್ತು. ಅವನು ಒದರುತ್ತಿದ್ದ. ಬೆನ್ನು ಅದಕ್ಕೂ ಮೊದಲೇ ಒಮ್ಮೆ ಮಣ್ಣಿಗೆ ಹತ್ತಿ ಕುಸ್ತಿ ಮುಗಿದಿತ್ತೇ ಎಂದು ಕೇಳಿದರೆ ನನಗೆ ಹೇಳಲಾಗದು. ಪಂಚರೂ ಜನರ ಕೂಗಿಗೆ ಮೈಮರೆತಿದ್ದರು. ಈರಣ್ಣ ಒತ್ತುತ್ತ ಒತ್ತುತ್ತ ತಲೆಯೆತ್ತಿ ತನ್ನ ವಸ್ತಾದರನ್ನು ಹುಡುಕಿದ. ಭೇಷ್ ಅನ್ನಿಸಿಕೊಳ್ಳಲು.

ವಸ್ತಾದರು ಹಗ್ಗ ಹಾರಿ ಬಂದರು. ಅರವತ್ತು ದಾಟಿದ ದೇಹ ಹಾಗೆ ಹಾರಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಮುಷ್ಟಿ ಈರಣ್ಣನ ಬಾಯಿಗೆ ಬಿತ್ತು. ಮತ್ತೆ ಬಿತ್ತು. ಕೆಂಪು ಮಣ್ಣಿನಲ್ಲಿ ಎರಡು ಹಲ್ಲು ಬಿದ್ದವು. ಅವನು ಪಟ್ಟು ಬಿಡದೆ ಇದ್ದದ್ದರಿಂದ ಎದೆಗೆ ಒದ್ದರು. ಬಿಟ್ಟ. ರಾಮದುರ್ಗದವನು ತನ್ನ ತೋಳನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು, ಅಂಬೆಗಾಲಿನಲ್ಲಿ ಕಣದಿಂದ ಹೊರಗೆ ಹೋದ. ತೋಳು ಉಳಿಯಿತು.

ಆಮೇಲೆ ಯಾರೋ ಕೂಗಿದರು: "ರೊಕ್ಕ ತಿಂದು ಕುಸ್ತಿ ಮಾರಕೊಂಡಾನ! ಶಿಷ್ಯನ್ನ ಮಾರಕೊಂಡಾನ!"

ಕುರ್ಚಿಗಳು ಹಾರಿಬಂದವು. ಕಲ್ಲು ಬಂದವು. ಬೈಲಹೊಂಗಲದವರೇ, ಅವರ ಗರಡಿಯಲ್ಲಿ ಬೆಳೆದವರೇ, ಹಗ್ಗ ಕಿತ್ತು ಒಳಗೆ ನುಗ್ಗಿದರು. ವಸ್ತಾದರು ಕೈ ಎತ್ತಲಿಲ್ಲ. ಅವರು ಆ ಕಾಲುಗಳ ಕೆಳಗೆ ಕಾಣಿಸದಾದರು. ಮೈಕು ನನ್ನ ಕೈಯಲ್ಲಿತ್ತು. ಅವರು ಯಾಕೆ ಒಳಗೆ ಹಾರಿದರೆಂದು ಇಡೀ ಸವದತ್ತಿಯಲ್ಲಿ ಗೊತ್ತಿದ್ದವನು ನಾನೊಬ್ಬ. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು: "ಪ್ರೇಕ್ಷಕರು ದಯವಿಟ್ಟು ಶಾಂತತೆ ಕಾಪಾಡಬೇಕು." ಮೂರು ಸಲ ಹೇಳಿದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಎರಡು ಪಕ್ಕೆಲುಬು ಮುರಿದಿದ್ದವು, ಎಡಗಣ್ಣು ಹೋಗಿತ್ತು. ಒಂದು ತಿಂಗಳ ಮೇಲೆ ನೋಡಲು ಹೋದೆ. ಜಗಲಿಯಲ್ಲಿ ಕೂತಿದ್ದರು. ನನ್ನ ಮೊಣಕೈ ಹಿಡಿಯಲಿಲ್ಲ.

"ರಾಮದುರ್ಗದವನ ತೋಳು ಐತಿಲ್ಲ, ಮಾಸ್ತರ?"

"ಐತ್ರಿ."

"ಮತ್ತ ಸಾಕು."

"ಈರಣ್ಣಗ ಹೇಳಬೇಕಿತ್ರಿ ನೀವು, ಯಾಕ ಹೊಡದ್ನಿ ಅಂತ."

"ಅವ ನನ್ನ ಮಾರಿ ನೋಡಾಕ ಒಲ್ಲ. ನಾ ಹೇಳಿದ್ರ ನಂಬ್ತಾನೇನು? ನೀವು ಹೇಳ್ರಿ. ಆ ಮೈಕಿನ್ಯಾಗ. ಅದನ್ನ ನಂಬ್ತಾನ ಅವ."

"ಹೇಳತೇನ್ರಿ. ಖರೇ ಹೇಳತೇನಿ."

"ಯಾವಾಗ?"

"ಬರೂ ಐತವಾರ. ಕಿತ್ತೂರಾಗ ಕುಸ್ತಿ ಐತಿ."

ಕಿತ್ತೂರಿನಲ್ಲಿ ಹೇಳಲಿಲ್ಲ. ಅದರ ಮುಂದಿನ ಭಾನುವಾರ ರಾಮದುರ್ಗದಲ್ಲೂ ಹೇಳಲಿಲ್ಲ. ಹೇಳಿದರೆ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ, ಹಾಗಾದರೆ ಅಂದು ಮೈಕಿನಲ್ಲಿ ಮುರಿ ಎನ್ನುವಂತೆ ಜನರನ್ನು ಎಬ್ಬಿಸಿದವನು ಯಾರು ಎಂದು. ಗರಡಿಗೆ ಹುಡುಗರು ಬರುವುದು ನಿಂತಿತು. ಈರಣ್ಣ ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋದ. ಕಣದ ಮಣ್ಣು ತುಳಿಯುವವರಿಲ್ಲದೆ ಗಟ್ಟಿಯಾಗಿ ಬಿರಿಯಿತು. ವಸ್ತಾದರು ದಿನವೂ ಬೆಳಿಗ್ಗೆ ಒಬ್ಬರೇ ಹೋಗಿ ಸಲಿಕೆಯಿಂದ ಅದನ್ನು ಅಗೆದು ಮೆದು ಮಾಡುತ್ತಿದ್ದರು. ಕಳೆದ ತಿಂಗಳು ಹಾಗೆ ಅಗೆಯುತ್ತಿರುವಾಗಲೇ ಸಲಿಕೆಯ ಮೇಲೆ ಬಿದ್ದು ತೀರಿಕೊಂಡರು.

ಐದನೆಯ ದಿನ ಗರಡಿಯಲ್ಲೇ ಶ್ರದ್ಧಾಂಜಲಿ ಸಭೆ. ಸತ್ತದ್ದೇ ತಡ, ಊರು ಅವರನ್ನು ಕ್ಷಮಿಸಿಬಿಟ್ಟಿತ್ತು. ದೊಡ್ಡ ಬ್ಯಾನರು, ಅದರಲ್ಲಿ ಅವರ ಹರೆಯದ ಚಿತ್ರ, ಪಕ್ಕದಲ್ಲಿ ಗರ್ಜಿಸುವ ಹುಲಿ. ಕಮಿಟಿಯ ಅಧ್ಯಕ್ಷರು ಮೈಕನ್ನು ನನ್ನ ಕೈಗೆ ಕೊಡುತ್ತ ಪಿಸುಗುಟ್ಟಿದರು.

"ಮಾಸ್ತರ, ಆ ತುರ್ಕಿದು ಒಂದ್ ಸಲ ಜೋರಾಗಿ ಹೊಡೀರಿ. ಮಂದಿ ಅದನ್ನ ಕೇಳಾಕ ಬಂದಾರ."

ಎದುರಿಗೆ ಹಲ್ಲು ಮುರಿದವರು, ಮೂಗು ಸೊಟ್ಟಗಾದವರು. ಕಡೆಯ ಸಾಲಿನಲ್ಲಿ ಈರಣ್ಣ, ಬಾಗಿಲಿಗೆ ಒರಗಿ. ಹೆಂಗಸರ ಕಡೆ ವಸ್ತಾದರ ಹೆಂಡತಿ.

ನಾನು ಹೇಳಿದೆ. ಮಣ್ಣು, ಎಣ್ಣೆ, ಜಾರದ ತೋಳು, ನೇಸರಗಿಯ ಡೇರೆ, ನಾನು ಕೊಟ್ಟ ಮಾತು, ಸವದತ್ತಿಯಲ್ಲಿ ಅದನ್ನು ಮುರಿದದ್ದು, ಅವರು ಯಾರಿಗೂ ಕುಸ್ತಿ ಮಾರಿಕೊಳ್ಳಲಿಲ್ಲ, ಒಂದು ತೋಳು ಉಳಿಸಲು ಒಳಗೆ ಹಾರಿದರು ಎಂಬುದು. ಅಲಂಕಾರವಿಲ್ಲದೆ ಹೇಳಿದೆ ಎಂದುಕೊಂಡಿದ್ದೇನೆ. ಅಧ್ಯಕ್ಷರು ಎರಡು ಸಲ ನನ್ನ ಅಂಗಿ ಎಳೆದರು.

ಈರಣ್ಣ ಜನರನ್ನು ದಾಟಿಕೊಂಡು ಬಂದ. ಅವನು ಹೊಡೆಯುತ್ತಾನೆಂದು ನನಗೆ ಗೊತ್ತಿತ್ತು. ಬಾಯಿಗೇ ಹೊಡೆದ. ಮೈಕು ಉರುಳಿ ಕೀರೆಂದಿತು. ಬಿದ್ದವನ ಅಂಗಿ ಹಿಡಿದು ಎತ್ತಿ ಮತ್ತೆ ಹೊಡೆದ. ಯಾರೂ ಬಿಡಿಸಲಿಲ್ಲ.

"ಎರಡ ವರ್ಷ!" ಕಟ್ಟಿಸಿದ ಹಲ್ಲಿನ ನಡುವಿನಿಂದ ಅವನ ಮಾತು ಒಡೆದು ಬರುತ್ತಿತ್ತು. "ಎರಡ ವರ್ಷ ನನ್ನ ಅವರು ಮಾರಿದ್ರು ಅಂತ ತಿಳಕೊಂಡಿದ್ನಿ. ಈ ಓಣಿಯಾಗ ಹಾದು ಹ್ವಾದ್ರೂ ಅವರ ಮಾರಿ ನೋಡಲಿಲ್ಲ. ಕುರುಡ ಕಣ್ಣಲೆ ನನ್ನ ನೋಡಿ ನಿಂದರತಿದ್ರು, ನಾ ಉಗುಳಿ ಹೊಕ್ಕಿದ್ನಿ. ನೀ ಸುಮ್ಮ ಕುಂತಿದ್ದೆಲ್ಲೋ ಮಾಸ್ತರ!"

ಅವನು ಮೂರನೆಯ ಸಲ ಕೈ ಎತ್ತಿದಾಗ ವಸ್ತಾದರ ಹೆಂಡತಿ ಎದ್ದು ಬಂದರು.

"ಈರ್ಯಾ, ಸರಿ ಅತ್ತ."

ಅವನು ಸರಿದ. ಆಕೆ ನನ್ನನ್ನು ಎಬ್ಬಿಸಲಿಲ್ಲ. ನನ್ನ ಎದುರು ನೆಲದ ಮೇಲೆ ಕೂತರು. ನಾನು ಕ್ಷಮೆಯ ಮಾತೇನೋ ಶುರು ಮಾಡಿದೆ.

"ಅಕ್ಕಾರ, ನಂದು ತಪ್ಪಾತು..."

"ಅದು ಇರಲ್ರಿ. ಎಲ್ಲಾ ಬೀಗರಿಗೂ ಸುದ್ದಿ ಮುಟ್ಟಿಸೇವಿ. ಒಬ್ಬಗ ಮುಟ್ಟಿಲ್ಲ. ಆ ತೋಳು ಹ್ವಾದಾವಗ. ನಾ ಹ್ವಾದ್ರ ಅವಗ ತಿಳಸ್ರಿ ಅಂತಿದ್ರು ಇವರು. ಹೆಸರೇನು, ಊರೇನು ಅಂದ್ರ, ಮಾಸ್ತರಗ ಹೇಳೇನಿ, ಅವರು ಮರೆಯೂದಿಲ್ಲ, ದಿನಾ ಹೆಸರು ಕೂಗೂ ಮನಷ್ಯಾ ಅಂತಿದ್ರು."

ಈರಣ್ಣ ಜೇಬಿನಿಂದ ಮೊಬೈಲ್ ತೆಗೆದ. ಹೆಬ್ಬೆರಳು ಅದರ ಮೇಲಿಟ್ಟುಕೊಂಡು, ಬರೆದುಕೊಳ್ಳಲು ನನ್ನ ಬಾಯಿ ನೋಡುತ್ತ ನಿಂತ.

ಆ ಮನುಷ್ಯನಿಗೆ ನಾನು ಮೈಕಿನಲ್ಲಿ ಊರಿಗೊಂದು ಹೆಸರು ಇಟ್ಟಿದ್ದೆ. ಕಿತ್ತೂರಿನಲ್ಲಿ ಒಂದು, ರಾಮದುರ್ಗದಲ್ಲಿ ಇನ್ನೊಂದು, ನಾಲಗೆಗೆ ಗತ್ತಾಗಿ ಬಂದದ್ದು. ಈಗ ಅವೆಲ್ಲ ಒಂದರ ಮೇಲೊಂದು ಬರುತ್ತಿದ್ದವು.

"ಹೇಳ್ರಿ ಮಾಸ್ತರ," ಆಕೆ ಕೇಳಿದರು. "ನಿಮಗ ಹೇಳಿದ್ರಲ್ಲ ಅವರು?"

ಹೇಳಿದ್ದರು. ನೇಸರಗಿಯ ಆ ಡೇರೆಯಲ್ಲಿ, ನನ್ನ ಬೆನ್ನ ಮೇಲೆ ಕೂತು, ಹೆಸರನ್ನೂ ಊರನ್ನೂ ಬಿಡಿಬಿಡಿಯಾಗಿ ಎರಡು ಸಲ ಹೇಳಿದ್ದರು. ನಾನು ಆಗ ಕಿರುಚುತ್ತಿದ್ದೆ.